ನೀಲಿ ಲೈಟಲ್ಲಿ ನಮ್ಮ ಮುಖ ಕಾಣಲ್ಲ



ಪೋಸ್ಟ್ ಸ್ವಲ್ಪ ಉದ್ದ ಇದೆ. ಪುರುಸೊತ್ತು ಇದ್ದಾಗ ಓದಿ. ಏಪ್ರಿಲ್ 14ಕ್ಕೆ ಕಾರ್ಯಕ್ರಮ ಮಾಡೋ ಸಮಿತಿಗಳವರು ಮಾತ್ರ ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕಾರ್ಯಕ್ರಮಗಳಲ್ಲಿ ಹಾಡೋರ, ತಮಟೆ ಬಾರಿಸೋರ ಒಳ್ಳೆ ಫೋಟೊ ಇಲ್ಲ. ನಿಮ್ಮ ಊರಿನ ಹಳೇ ವಾಟ್ಸಾಪ್ ಗ್ರೂಪ್ ತೆಗೆದು ನೋಡಿ. ಅತಿಥಿಗಳು ದೀಪ ಹಚ್ಚಿದ್ದು ಇರುತ್ತೆ, ಬಾಬಾಸಾಹೇಬರ ಫೋಟೊಗೆ ಹಾರ ಹಾಕಿದ್ದು ಇರುತ್ತೆ, ಒಂದೇ ಶಾಲು ಹೊದಿಸಿದ್ದರ ಹತ್ತು ಹನ್ನೊಂದು ಫೋಟೊ ಇರುತ್ತೆ. ತಮಟೆಯವರದ್ದು ಒಂದು. ಅದೂ ಬೆನ್ನು. ಮಾರನೇ ದಿನ ಪೇಪರಲ್ಲಿ ತಮಟೆ ವಾದನ ಗಮನ ಸೆಳೆಯಿತು ಅಂತ ಒಂದು ಸಾಲು. ಯಾರ ತಮಟೆ ಸ್ವಾಮಿ? ಮುಖ್ಯ ಅತಿಥಿಯ ಮೂರು ಇನಿಷಿಯಲ್ಲೂ ತಪ್ಪಿಲ್ಲದೆ ಬರುತ್ತೆ. ಎರಡು ತಾಸು ಬಿಸಿಲಲ್ಲಿ ಮೆರವಣಿಗೆ ಎಳೆದುಕೊಂಡು ಬಂದವನಿಗೆ ಹೆಸರೇ ಇಲ್ಲ.

ಇದಕ್ಕೆ ಪೇಪರ್‌ನವರನ್ನ ಬೈದು ಸುಮ್ಮನಾಗೋದು ಸುಲಭ. ನಾನು ಹೇಳ್ತಿರೋದು ನಮ್ಮ ಬಗ್ಗೆ. ವೇದಿಕೆ ನಮ್ಮದು, ಚಂದಾ ನಮ್ಮದು, ಲೈಟಿಂಗ್ಸ್‌ಗೆ ದುಡ್ಡು ಕೊಟ್ಟಿದ್ದು ನಾವು, ಫೋಟೊಗ್ರಾಫರ್‌ನ ಕರೆಸಿದ್ದೂ ನಾವು. ಅವನಿಗೆ "ಅಣ್ಣ ಬಂದ್ರು, ಬೇಗ ತೆಗಿ" ಅಂತ ಹೇಳೋ ನಾವು, "ಹಾಡ್ತಿದಾರೆ ನೋಡು, ಆ ಕಡೆ ಹೋಗು" ಅಂತ ಯಾವತ್ತಾದ್ರೂ ಹೇಳಿದೀವಾ?

ನಾನೇನು ದೊಡ್ಡ ಫೋಟೊಗ್ರಾಫರ್ ಅಲ್ಲ. ಆಫೀಸಲ್ಲಿ ಗುಮಾಸ್ತ. ವಾರವೆಲ್ಲಾ ಕಡತ, ಟಪಾಲು, ಸಾಹೇಬರ ಸಹಿ. ಒಂಬತ್ತು ವರ್ಷದಿಂದ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಒಂದು 50 ಎಂಎಂ ಲೆನ್ಸು ಇಟ್ಕೊಂಡು ಹಾಡು ಇರೋ ಕಡೆಯೆಲ್ಲ ಹೋಗ್ತೀನಿ. ಜಯಂತಿ, ದಸರಾ ಕಾರ್ಯಕ್ರಮ, ಕಾಲೇಜಿನ ಬ್ಯಾಂಡು, ರಾಮೋತ್ಸವದ ಕಚೇರಿ, ಉರುಸಿನ ಕವ್ವಾಲಿ. ದುಡ್ಡು ತಗೊಳಲ್ಲ. ಹಾಗಾಗಿ ಯಾರ ಮುಖ ತೆಗೀಬೇಕು ಅನ್ನೋದು ನನ್ನ ಇಷ್ಟ. ಹವ್ಯಾಸಿಗೆ ಇರೋ ಒಂದೇ ಸವಲತ್ತು ಇದು.

ಇಷ್ಟು ವರ್ಷದಲ್ಲಿ ನೋಡಿದ್ದು ಹೇಳ್ತೀನಿ. ಎಲ್ಲಾ ಕಡೆಗಿಂತ ಫೋಟೊ ತೆಗೆಯೋಕೆ ಕಷ್ಟ ಆಗೋದು ನಮ್ಮ ಸ್ಟೇಜಲ್ಲೇ. ಕಾರಣ ನೀಲಿ ಲೈಟು.

ಸಿಟ್ಟಾಗಬೇಡಿ. ನೀಲಿ ನನಗೂ ಪ್ರಾಣ. ಆದ್ರೆ ಕ್ಯಾಮೆರಾ ಒಳಗೆ ಏನಾಗುತ್ತೆ ಅಂತ ಸ್ವಲ್ಪ ಕೇಳಿ. ಸೆನ್ಸರ್ ಮೇಲೆ ಬೆಳಕು ಹಿಡಿಯೋ ಸಣ್ಣ ಸಣ್ಣ ಚುಕ್ಕಿಗಳು ಇರ್ತವೆ. ನಾಲ್ಕು ಚುಕ್ಕಿ ತಗೊಂಡ್ರೆ ಎರಡು ಹಸಿರಿಗೆ, ಒಂದು ಕೆಂಪಿಗೆ, ಒಂದು ನೀಲಿಗೆ. ಸ್ಟೇಜಿನ ಎಲ್‌ಇಡಿ ಪಾರ್ ಲೈಟನ್ನ ಪೂರ್ತಿ ನೀಲಿಗೆ ತಿರುಗಿಸಿದರೆ, ಅದರಿಂದ ಬರೋದು ಬರೀ ನೀಲಿ, ಕೆಂಪು ಹಸಿರು ಇಲ್ಲವೇ ಇಲ್ಲ. ಅಂದ್ರೆ ನಾಲ್ಕರಲ್ಲಿ ಒಂದು ಚುಕ್ಕಿ ಮಾತ್ರ ಕೆಲಸ ಮಾಡುತ್ತೆ, ಉಳಿದ ಮೂರು ಬಹುಪಾಲು ಖಾಲಿ. ಇದರ ಮೇಲೆ ಇನ್ನೊಂದು. ಕಪ್ಪು ಚರ್ಮದಲ್ಲಿರೋ ಮೆಲನಿನ್ ಅತಿ ಹೆಚ್ಚು ಹೀರ್ಕೊಳ್ಳೋದು ನೀಲಿ ಕಡೆಯ ಬೆಳಕನ್ನ. ಲೈಟು ಬಿದ್ದರೂ ಮುಖದಿಂದ ವಾಪಸ್ ಬರೋದು ಕಮ್ಮಿ. ಹಿಂದುಗಡೆ ಎಲ್‌ಇಡಿ ಸ್ಕ್ರೀನಲ್ಲಿ ಅತಿಥಿಗಳ ಹೆಸರು ಬೆಳ್ಳಗೆ ಹೊಳೀತಿರುತ್ತೆ. ಕ್ಯಾಮೆರಾದ ಮೀಟರ್ ಅದನ್ನ ನೋಡಿ ಬೆಳಕು ಜಾಸ್ತಿ ಆಯ್ತು ಅಂತ ಇನ್ನಷ್ಟು ಕತ್ತಲು ಮಾಡುತ್ತೆ. ಕೊನೆಗೆ ಫೋಟೊದಲ್ಲಿ ಏನು ಸಿಗುತ್ತೆ? ನೀಲಿ ಹೊಗೆ, ಬಿಳಿ ಅಂಗಿ, ಅಂಗಿ ಮೇಲೆ ಒಂದು ಕಪ್ಪು ಮುದ್ದೆ. ಕಣ್ಣಿಲ್ಲ, ಬಾಯಿಲ್ಲ. ಹಾಡಿದವಳ ಅವ್ವನಿಗೆ ತೋರಿಸಿದರೂ ಗುರುತು ಹಿಡಿಯಲ್ಲ.

ಅದೇ ಊರಲ್ಲಿ ಶಾಸ್ತ್ರೀಯ ಸಂಗೀತದ ಸಭಾಗಳಿಗೆ ಹೋಗಿ ನೋಡಿ. ಅಲ್ಲಿ ಲೈಟು ಹಳದಿ ಮಿಶ್ರಿತ ಬಿಳಿ. ಎದುರಿಂದ ಎರಡು ಕಡೆ. ಮೂರು ತಾಸು ಒಂದೇ ಥರ ಇರುತ್ತೆ, ಮಿಣ ಮಿಣ ಇಲ್ಲ. ಕಲಾವಿದರು ಕೂತ ಜಾಗ ಬಿಟ್ಟು ಏಳಲ್ಲ. ಹಿಂದೆ ಒಂದು ಪರದೆ. ಹೆಸರು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿರುತ್ತೆ. ತಂಬೂರಿಯವರ ಹೆಸರು ಕೂಡ. ಅಲ್ಲಿ ಫೋಟೊ ಚೆನ್ನಾಗಿ ಬರೋದಕ್ಕೆ ಫೋಟೊಗ್ರಾಫರ್ ಜಾಣ ಆಗಿರಬೇಕಾಗಿಲ್ಲ, ಜಾಗವನ್ನೇ ಮುಖ ಕಾಣೋ ಹಾಗೆ ಕಟ್ಟಿರ್ತಾರೆ. ಅಂಥ ಒಂದು ಕಡೆ ಬಾಗಿಲಲ್ಲಿ ಒಬ್ಬರು ಯಾವ ಪತ್ರಿಕೆ ಅಂದ್ರು. ಪತ್ರಿಕೆ ಇಲ್ಲ ಸರ್, ಹವ್ಯಾಸ ಅಂದೆ. ಮುಂದಿನ ಪ್ರಶ್ನೆ ಯಾವ ಕಡೆಯವರು ಅಂತ. ಆ ಪ್ರಶ್ನೆಯ ಅರ್ಥ ಇದನ್ನ ಓದ್ತಿರೋ ಎಲ್ಲರಿಗೂ ಗೊತ್ತು. ಕೋಲಾರದ ಕಡೆ ಸರ್ ಅಂತ ಹೇಳಿ ಒಳಗೆ ಹೋದೆ. ಮೃದಂಗದವರ ಫೋಟೊ ಚೆನ್ನಾಗಿ ಬಂತು.

ಆ ಮೃದಂಗದ ವಿಷಯಕ್ಕೂ ಬರೋಣ. ಅದರ ಎರಡೂ ಮುಖಕ್ಕೆ ಬೇಕಾದ ಹಸು, ಮೇಕೆ, ಎಮ್ಮೆ ಚರ್ಮ ತಂದು, ಹದ ಮಾಡಿ, ಬಿಗಿದು ನಾದ ಬರಿಸೋರು ಯಾರು ಅಂತ ಟಿ.ಎಂ. ಕೃಷ್ಣ 'ಸೆಬಾಸ್ಟಿಯನ್ ಅಂಡ್ ಸನ್ಸ್' ಅನ್ನೋ ಪುಸ್ತಕವನ್ನೇ ಬರೆದರು. ತಲೆಮಾರುಗಳಿಂದ ಅದನ್ನ ಮಾಡ್ತಿರೋ ದಲಿತ ಕ್ರೈಸ್ತ ಕುಟುಂಬಗಳ ಕಥೆ. 2020ರಲ್ಲಿ ಅದರ ಬಿಡುಗಡೆಗೆ ಮೊದಲು ಜಾಗ ಕೊಡ್ತೀವಿ ಅಂದ ಚೆನ್ನೈನ ಕಲಾಕ್ಷೇತ್ರ ಆಮೇಲೆ ಅನುಮತಿ ವಾಪಸ್ ತಗೊಂಡಿತು. ನಾದ ಬೇಕು, ನಾದ ಮಾಡಿದ ಕೈ ಸ್ಟೇಜಿನ ಹತ್ತಿರ ಬರಬಾರದು. ಕಚೇರಿ ಫೋಟೊ ಎಷ್ಟು ಸಾವಿರ ಇದಾವೋ, ಅದರಲ್ಲಿ ಆ ಕೈ ಎಷ್ಟು ಇದಾವೆ ಲೆಕ್ಕ ಹಾಕಿ.

ಕ್ಯಾಮೆರಾಗೂ ಇಂಥ ಇತಿಹಾಸ ಇದೆ. ಅಮೆರಿಕದ ಕೊಡಾಕ್ ಕಂಪನಿ 1950ರ ದಶಕದಿಂದ ಕಲರ್ ಪ್ರಿಂಟಿಂಗ್ ಲ್ಯಾಬುಗಳಿಗೆ ಒಂದು ಮಾದರಿ ಫೋಟೊ ಕಳಿಸ್ತಿತ್ತು. ಒಬ್ಬಳು ಬಿಳೀ ಹೆಂಗಸಿನ ಫೋಟೊ. ಶೆರ್ಲಿ ಕಾರ್ಡ್ ಅಂತ ಹೆಸರು. ಅವಳ ಚರ್ಮದ ಬಣ್ಣ ಸರಿಯಾಗಿ ಬಂದರೆ ಪ್ರಿಂಟ್ ಸರಿ ಇದೆ ಅಂತ ಅರ್ಥ. ಕಪ್ಪು ಮಕ್ಕಳ ಮುಖ ಶಾಲೆಯ ಗ್ರೂಪ್ ಫೋಟೊದಲ್ಲಿ ಬರೀ ಕಣ್ಣು ಹಲ್ಲು ಆಗಿ ಕಾಣ್ತಿದ್ರೂ ಅದು ಯಾರಿಗೂ ಸಮಸ್ಯೆ ಅನಿಸಲಿಲ್ಲ. ಕಂದು ಬಣ್ಣ ಸರಿ ಬರ್ತಿಲ್ಲ ಅನ್ನೋ ದೂರಿಗೆ ಕಂಪನಿ ಕಿವಿಗೊಟ್ಟಿದ್ದು ಯಾವಾಗ ಗೊತ್ತಾ? ಚಾಕೊಲೇಟ್ ಮಾಡೋರು, ಮರದ ಫರ್ನಿಚರ್ ಮಾರೋರು ನಮ್ಮ ಜಾಹೀರಾತು ಚೆನ್ನಾಗಿ ಬರ್ತಿಲ್ಲ ಅಂದಾಗ. ಕುರ್ಚಿಗೆ ಸಿಕ್ಕ ಮರ್ಯಾದೆ ಮನುಷ್ಯರಿಗೆ ಸಿಗಲಿಲ್ಲ.

ನಮ್ಮಲ್ಲಿ ಏನು ಕಮ್ಮಿ? ಮೊಬೈಲಿನ ಬ್ಯೂಟಿ ಮೋಡ್ ಹಾಕಿದರೆ ಎಲ್ಲರೂ ಎರಡು ಬಣ್ಣ ಬೆಳ್ಳಗೆ. ಫ್ಲೆಕ್ಸ್ ಡಿಸೈನ್ ಮಾಡೋ ಹುಡುಗರು ಬಾಬಾಸಾಹೇಬರ ಕೆನ್ನೆಗೂ ಗುಲಾಬಿ ಬಣ್ಣ ಬಳಿದು ಕಳಿಸ್ತಾರೆ. ನಾವೂ ಪ್ರಿಂಟ್ ಹಾಕಿಸಿ ಸರ್ಕಲ್‌ನಲ್ಲಿ ಕಟ್ತೀವಿ.

ಹಾಗಾದ್ರೆ ಕತ್ತಲಲ್ಲಿ ಕಪ್ಪು ಮುಖವನ್ನ ತೆಗೆಯೋಕೆ ಆಗಲ್ವಾ? ಆಗುತ್ತೆ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ರಾಯ್ ಡೆಕಾರಾವ ಅಂತ ಒಬ್ಬ ಕಪ್ಪು ಫೋಟೊಗ್ರಾಫರ್ ಇದ್ದರು, 2009ರಲ್ಲಿ ತೀರಿಕೊಂಡರು. ಜಾಝ್ ಬಾರಿಸೋರ, ಹಾಡೋರ ಫೋಟೊಗಳನ್ನ ವರ್ಷಗಟ್ಟಲೆ ತೆಗೆದವರು. ಜಾನ್ ಕೋಲ್ಟ್ರೇನ್ ಸ್ಯಾಕ್ಸೋಫೋನ್ ಊದ್ತಿರೋ ಅವರ ಫೋಟೊ ನೆಟ್‌ನಲ್ಲಿ ಸಿಗುತ್ತೆ, ನೋಡಿ. ಫ್ಲಾಶ್ ಹಾಕ್ತಿರಲಿಲ್ಲ. ಕ್ಲಬ್ಬಿನಲ್ಲಿ ಇರೋ ಬೆಳಕು ಎಷ್ಟೋ ಅಷ್ಟೇ. ಕಪ್ಪನ್ನ ಬಿಳಿ ಮಾಡೋಕೆ ಹೋಗಲಿಲ್ಲ. ಕಪ್ಪಿನ ಒಳಗೇ ಇರೋ ಹತ್ತಾರು ಛಾಯೆಗಳನ್ನ ಪ್ರಿಂಟಲ್ಲಿ ಉಳಿಸ್ಕೊಂಡರು. ಹಣೆಯ ಬೆವರು, ಕೆನ್ನೆಯ ಗೆರೆ, ಮುಚ್ಚಿದ ಕಣ್ಣು, ಎಲ್ಲ ಅಲ್ಲೇ ಇದೆ. ಯಾವ ಕ್ಲಾಸಿಗೂ ಹೋಗದ ನನಗೆ ಆ ಫೋಟೊಗಳೇ ಮೇಷ್ಟ್ರು.

ಹೊಸದಾಗಿ ಕ್ಯಾಮೆರಾ ಹಿಡಿದ ನಮ್ಮ ಹುಡುಗ ಹುಡುಗಿಯರಿಗೆ ನಾನು ಮಾಡೋ ರೀತಿ ಹೇಳಿಬಿಡ್ತೀನಿ, ಬೇರೆಯವರು ಈ ಪ್ಯಾರಾ ದಾಟಿ ಹೋಗಬಹುದು. ಲೆನ್ಸ್ ಎಫ್ 1.8ಕ್ಕೋ 2ಕ್ಕೋ ತೆಗೆದಿಡಿ. ಐಎಸ್‌ಒ 3200ಕ್ಕೆ ಹೆದರಬೇಡಿ, ಕಾಳು ಕಾಳು ಬಂದರೆ ಬರಲಿ. ಮೀಟರನ್ನ ಸ್ಪಾಟ್‌ಗೆ ಹಾಕಿ ಮುಖದ ಮೇಲೆ ಅಳೆಯಿರಿ, ಹಿಂದಿನ ಸ್ಕ್ರೀನ್ ಮೇಲೆ ಅಲ್ಲ. ಬಿಳಿ ಅಂಗಿ ಸುಟ್ಟು ಹೋದರೆ ಹೋಗಲಿ, ಮುಖ ಇರಲಿ. ರಾ ಫೈಲಲ್ಲೇ ತೆಗೆಯಿರಿ. ಹಾಡೋರಿಗೆ 1/125 ಸಾಕು, ತಮಟೆ ಕಡ್ಡಿ ನಿಂತ ಹಾಗೆ ಕಾಣಬೇಕಂದ್ರೆ 1/500 ಬೇಕು. ನನಗೆ 1/60 ಇಷ್ಟ. ಮುಖ ನಿಂತಿರುತ್ತೆ, ಕಡ್ಡಿ ಗಾಳಿಯಾಗಿರುತ್ತೆ. ಪೂರ್ತಿ ನೀಲಿ ಬಿದ್ದಾಗ ಕಲರ್ ಆಸೆ ಬಿಟ್ಟು ಕಪ್ಪು ಬಿಳುಪು ಮಾಡಿ. ಎಲ್ಲಕ್ಕಿಂತ ಮುಖ್ಯ, ಲೈಟು ಬದಲಾಗೋದನ್ನ ಕಾಯಿರಿ. ಎಷ್ಟೇ ನೀಲಿ ಸ್ಟೇಜಾದ್ರೂ ಹಾಡಿನ ಮಧ್ಯೆ ಎಲ್ಲೋ ಒಂದು ಸಲ ಬಿಳಿ ಬಂದು ಹೋಗುತ್ತೆ. ಹಾಡು ಗೊತ್ತಿದ್ರೆ ಅದು ಪಲ್ಲವಿಗೆ ವಾಪಸ್ ಬರೋವಾಗ ಅಂತ ಊಹೆ ಮಾಡಬಹುದು. ಹಾಡು ಕೇಳದೆ ಹಾಡಿನ ಫೋಟೊ ಬರಲ್ಲ. ಇನ್ನೊಂದು ಮಾತು ಹುಡುಗರಿಗೆ. ಸ್ಟೇಜ್ ಕೆಳಗೆ ನಿಂತು ಕುಣಿಯೋ ಹೆಣ್ಣುಮಕ್ಕಳ ಫೋಟೊ ತೆಗೀಬೇಡಿ. ಪಕ್ಕಕ್ಕೆ ಹೋಗಿ, ಇಲ್ಲ ಕುರ್ಚಿ ಹತ್ತಿ.

ಸ್ಟೇಜಿಗಿಂತ ಸ್ಟೇಜಿನ ಹಿಂದೆ ನನಗೆ ಒಳ್ಳೆ ಫೋಟೊ ಸಿಕ್ಕಿರೋದು ಜಾಸ್ತಿ. ತಮಟೆ ಕಾಯಿಸೋ ಹೊತ್ತು. ತೆಂಗಿನ ಗರಿಗೋ ಪೇಪರಿಗೋ ಬೆಂಕಿ ಹಚ್ಚಿ, ಸುತ್ತ ಕೂತು, ಚರ್ಮ ಬಿಗಿ ಆಗೋ ತನಕ ತಿರುಗಿಸ್ತಾ ಬೆರಳಲ್ಲಿ ತಟ್ಟಿ ತಟ್ಟಿ ಕೇಳ್ತಾರೆ. ಕಿವಿ ತಮಟೆ ಹತ್ತಿರ, ಮುಖಕ್ಕೆ ಬೆಂಕಿಯ ಬೆಳಕು. ಆ ಬೆಳಕಲ್ಲಿ ನಮ್ಮ ಚರ್ಮದ ಬಣ್ಣ ತಾಮ್ರದ ಹಾಗೆ ಬರುತ್ತೆ. ಯಾವ ಲೈಟಿಂಗ್ಸ್‌ನವರೂ ಬೇಡ. ಈಗ ಫೈಬರ್ ತಮಟೆ ಬಂದು ಕಾಯಿಸೋದು ಕಮ್ಮಿ ಆಗ್ತಿದೆ. ಅವರಿಗೆ ಅದು ಅನುಕೂಲ, ಮಳೆಯಲ್ಲೂ ಬಾರಿಸಬಹುದು. ನನ್ನ ಫೋಟೊಗೋಸ್ಕರ ಚರ್ಮದ್ದೇ ಇಟ್ಕೊಳ್ಳಿ ಅನ್ನೋಕಾಗುತ್ತಾ?

ಇಲ್ಲಿಗೆ ಬಂದಾಗ ನಮ್ಮ ಹಿರಿಯರೊಬ್ಬರು ಹೇಳಿದ ಮಾತು ಹೇಳಲೇಬೇಕು. ದಸಂಸ ಕಟ್ಟಿದ ಕಾಲದಿಂದ ಇರೋರು. ನನ್ನ ಮನೆಗೆ ಬಂದಾಗ ಗೋಡೆ ಮೇಲಿದ್ದ ತಮಟೆಯ ಫೋಟೊ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಮ್ಮಪ್ಪ ಇದನ್ನ ಹೊಡೆಯಲ್ಲ ಅಂದಿದ್ದಕ್ಕೆ ಊರವರು ಆರು ತಿಂಗಳು ಕೂಲಿಗೆ ಕರೀಲಿಲ್ಲ ಕಣಪ್ಪ. ಅವನು ಬಿಸಾಕಿದ್ದನ್ನ ನೀನು ಫ್ರೇಮ್ ಹಾಕಿ ನೇತಾಕಿದೀಯ" ಅಂದರು.

ಆ ಮಾತಿಗೆ ಥಟ್ ಅಂತ ಉತ್ತರ ಕೊಡೋಕೆ ಆಗಲ್ಲ. ಸಾವಿಗೆ, ಜಾತ್ರೆಗೆ, ಊರಿನ ಡಂಗುರಕ್ಕೆ ಕರೆದಾಗ ಹೋಗಲೇಬೇಕು, ಕೊಟ್ಟಷ್ಟು ತಗೋಬೇಕು, ತೇರಿನ ಮುಂದೆ ಬಾರಿಸಬೇಕು ಆದ್ರೆ ಗುಡಿ ಒಳಗೆ ಕಾಲಿಡಬಾರದು. ಇದು ಕಲೆ ಅಲ್ಲ, ಬಿಟ್ಟಿ ಚಾಕರಿ. ಅದನ್ನ ನಿಲ್ಲಿಸಿದವರು ದೊಡ್ಡ ಕೆಲಸ ಮಾಡಿದ್ದಾರೆ. ಅಂಥ ಕಡೆ ಹೋಗಿ ಬೆಳಕು ಚೆನ್ನಾಗಿದೆ ಅಂತ ಫೋಟೊ ತೆಗೆದು ಸ್ಪರ್ಧೆಗೆ ಕಳಿಸೋರು ಇದಾರೆ, ನಾನು ನೋಡಿದೀನಿ. ಜಾತ್ರೆ ಬಣ್ಣ, ಹಳ್ಳಿ ಸೊಗಡು ಅಂತ ಪ್ರಶಸ್ತಿಯೂ ಬರುತ್ತೆ. ಒತ್ತಾಯದಿಂದ ಬಾರಿಸ್ತಿರೋ ಕಡೆ ನಾನು ಕ್ಯಾಮೆರಾ ತೆಗೆಯೋದಾದ್ರೆ ಅದು ಸಾಕ್ಷಿಗೆ ಮಾತ್ರ. ಬಿಟ್ಟಿ ಚಾಕರಿ ಮಾಡಿಸೋದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ, ತಾರೀಖು ಟೈಮು ಸಮೇತ ಫೋಟೊ ಇದ್ದರೆ ದೂರಿಗೆ ಬಲ ಬರುತ್ತೆ.

ಆದ್ರೆ ಅದೇ ತಮಟೆ ನಮ್ಮ ಮೆರವಣಿಗೆಯಲ್ಲಿ, ನಮ್ಮ ಸ್ಟೇಜಲ್ಲಿ ಬಂದಾಗ ಬೇರೆ ಆಗುತ್ತೆ ಅನ್ನೋದು ನನ್ನ ವಾದ. ಇವತ್ತು ಬರಲ್ಲ ಅಂತ ಹೇಳೋ ಹಕ್ಕು ಬಾರಿಸೋನಿಗೆ ಅಲ್ಲಿ ಇದೆ. ಇಷ್ಟು ಕೊಡಿ ಅಂತ ಕೇಳೋ ಹಕ್ಕಿದೆ. ಈಗ ಹೆಣ್ಣುಮಕ್ಕಳ ತಮಟೆ ತಂಡಗಳು ಬಂದಿವೆ, ಆ ಊರಿನ ಯಜಮಾನ ಕನಸಲ್ಲೂ ನೆನಸಿರದ ದೃಶ್ಯ ಅದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಹೆಸರು ಊರು ಸಮೇತ ಒಬ್ಬ ತಮಟೆ ಕಲಾವಿದರ ಮುಖ ಎಲ್ಲಾ ಪೇಪರಲ್ಲೂ ಬಂತು. ಒಬ್ಬರದ್ದು ಬಂತು. ಮಿಕ್ಕವರದ್ದಕ್ಕೂ ರಾಷ್ಟ್ರಪತಿ ಭವನದ ತನಕ ಕಾಯಬೇಕಾ?

ಒಂದು ಫೋಟೊ ಏನು ಮಾಡಬಲ್ಲದು ಅಂತ ಕೇಳೋರು ಚೆನ್ನೈ ಕಡೆ ನೋಡಿ. 2018ರ ಜನವರಿಯಲ್ಲಿ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ ಕ್ಯಾಸ್ಟ್‌ಲೆಸ್ ಕಲೆಕ್ಟಿವ್ ಬ್ಯಾಂಡು ಮೊದಲ ಸಲ ಸ್ಟೇಜ್ ಹತ್ತಿತು. ಉತ್ತರ ಚೆನ್ನೈನ ಗಾನಾ ಹಾಡೋ ಹುಡುಗರು, ಪರೈ ಬಾರಿಸೋರು, ಪಕ್ಕದಲ್ಲಿ ಗಿಟಾರು, ರ‍್ಯಾಪು. ಎಲ್ಲರೂ ಸೂಟು. ಸಾವಿನ ಮನೆಯ ಹಾಡು ಅಂತ ಮೂಗು ಮುರೀತಿದ್ದ ಹಾಡನ್ನ ಸೂಟು ಹಾಕ್ಕೊಂಡು ಹಾಡಿದ ಆ ಫೋಟೊಗಳು, ತಮಿಳು ಬಾರದ ನನ್ನಂಥವನ ಮೊಬೈಲಿಗೂ ಬಂದವು. ಹಾಡಿಗಿಂತ ಮೊದಲು ನಾನು ನೋಡಿದ್ದು ಫೋಟೊ. ಯಾರೋ ಕೂತು ಯೋಚನೆ ಮಾಡಿ ಬಟ್ಟೆ, ಬೆಳಕು, ಸ್ಟೇಜು ಎಲ್ಲಾ ಸಿದ್ಧ ಮಾಡಿದ್ದರು ಅಂತ ನೋಡಿದ ಕೂಡ್ಲೆ ಗೊತ್ತಾಗುತ್ತೆ.

ನಮ್ಮಲ್ಲಿ ಆ ಯೋಚನೆ ಇಲ್ಲ. ಸಿದ್ದಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಿದ್ದು 1975ರಲ್ಲಿ. ಆ ಪದ್ಯಗಳನ್ನ ಹಾಡು ಮಾಡಿ ಹಳ್ಳಿ ಹಳ್ಳಿಗೆ ಹೊತ್ತುಕೊಂಡು ಹೋದವರು ನಮ್ಮ ತಾಲ್ಲೂಕಲ್ಲೂ ಇದ್ದರು. ಹಾಡು ನನಗೆ ಬರುತ್ತೆ, ನಿಮಗೂ ಬರುತ್ತೆ. ಹಾಡಿದವರ ಮುಖ? ನಮ್ಮ ಕಡೆ ಸಿಕ್ಕಿರೋದು ಒಂದು ಮಾಸಿದ ಫೋಟೊ. ಅದರ ಹಿಂದೆ ಭಾಷಣ ಮಾಡಿದ ನಾಲ್ಕು ಜನರ ಹೆಸರು ಬರೆದಿದೆ. ಎಡಗಡೆ ಅಂಚಿನಲ್ಲಿ ಅರ್ಧ ತಮಟೆ, ಒಂದು ಕೈ. ಆ ಕೈ ಯಾರದು ಅಂತ ಕೇಳೋಣ ಅಂದ್ರೆ ಹೇಳೋರೂ ಈಗ ಇಲ್ಲ.

ಇನ್ನೊಂದು ವಿಷಯ, ಇದು ಸ್ವಲ್ಪ ಸೂಕ್ಷ್ಮ. ಹೋದ ವರ್ಷ ಒಬ್ಬ ಹುಡುಗನ ಫೋಟೊ ತೆಗೆದೆ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಬೆಂಗಳೂರಲ್ಲಿ ಕೆಲಸ, ಜಯಂತಿಗೆ ಅಂತ ಊರಿಗೆ ಬಂದಿದ್ದ. ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಹಾಕಿ ಬಾರಿಸ್ತಿರೋ ಫೋಟೊ. ಒಂಬತ್ತು ವರ್ಷದಲ್ಲಿ ನಾನು ತೆಗೆದಿದ್ದರಲ್ಲಿ ಅದೇ ಒಳ್ಳೇದು ಅಂತ ನನ್ನ ಲೆಕ್ಕ. ಯಾವಾಗಲೂ ಮಾಡೋ ಹಾಗೆ ಮೊದಲು ಅವನಿಗೇ ಕಳಿಸಿ, ಹಾಕಲಾ ಅಂತ ಕೇಳಿದೆ. "ಅಣ್ಣಾ ಸೂಪರಾಗಿದೆ. ಅಮ್ಮಂಗೆ ಕಳಿಸ್ದೆ. ಆದ್ರೆ ಫೇಸ್‌ಬುಕ್ಕಿಗೆ ಬೇಡ ಅಣ್ಣಾ. ರೂಮಲ್ಲಿ ಯಾರಿಗೂ ಗೊತ್ತಿಲ್ಲ" ಅಂತ ಮೆಸೇಜ್ ಬಂತು.

ಏನು ಗೊತ್ತಿಲ್ಲ ಅಂತ ನಾನು ಕೇಳಲಿಲ್ಲ. ಫೋಟೊ ನನ್ನ ಹಾರ್ಡ್ ಡಿಸ್ಕಲ್ಲೇ ಇದೆ, ಅಲ್ಲೇ ಇರುತ್ತೆ. ಅವನು ಹೇಳೋ ತನಕ ಹೊರಗೆ ಬರಲ್ಲ. "ಹೆದರಬಾರದು, ಹೆಮ್ಮೆ ಇರಬೇಕು" ಅಂತ ಅವನಿಗೆ ಭಾಷಣ ಮಾಡೋಕೆ ನನಗೆ ಬಾಯಿ ಬರಲಿಲ್ಲ. ಸರ್ಕಾರಿ ಸಂಬಳ ತಗೊಂಡು ಸ್ವಂತ ಮನೇಲಿ ಕೂತು ಹೆಮ್ಮೆ ಪಡೋದು ಸುಲಭ. ಬಾಡಿಗೆ ಮನೆ ಓನರ್ ಊಟ ಏನು, ದೇವರು ಯಾವುದು ಅಂತ ಕೇಳೋ ಊರಲ್ಲಿ ಅವನು ಬದುಕಬೇಕು. ನಮ್ಮ ಗ್ರೂಪುಗಳಲ್ಲಿ ಯಾರನ್ನೂ ಕೇಳದೆ ಟ್ಯಾಗ್ ಮಾಡಿ ಜೈ ಭೀಮ್ ಹಾಕೋ ಉತ್ಸಾಹಿಗಳು ಇದನ್ನ ಒಂದ್ಸಲ ಯೋಚನೆ ಮಾಡಿ. ಹೆಸರು ಹಾಕಿ ಅಂತ ಮೇಲೆ ನಾನೇ ಹೇಳಿದೀನಿ, ಹೌದು. ಕೇಳಿ ಹಾಕಿ.

ಸಮಿತಿಗಳವರಿಗೆ ನನ್ನ ಬೇಡಿಕೆ ದೊಡ್ಡದಲ್ಲ. ಹಿಂದಿನ ಪರದೆ, ಪಕ್ಕದ ಲೈಟು ಎಷ್ಟು ಬೇಕಾದ್ರೂ ನೀಲಿ ಇರಲಿ. ಎದುರುಗಡೆ ಎರಡು ಕಂಬಕ್ಕೆ ಒಂದೊಂದು ಹಳದಿ ಮಿಶ್ರಿತ ಬಿಳಿ ಲೈಟು ಹಾಕಿಸಿ, ಮುಖಕ್ಕೆ ಬೀಳೋ ಹಾಗೆ, ತಲೆಗಿಂತ ಸ್ವಲ್ಪ ಮೇಲಿಂದ. ಹಾಡು ನಡೆಯೋ ಅಷ್ಟು ಹೊತ್ತು ಅದನ್ನ ಆರಿಸಬೇಡಿ. ಕರಪತ್ರದಲ್ಲಿ "ಕ್ರಾಂತಿಗೀತೆ: ತಂಡದಿಂದ" ಅಂತ ಬರೀತೀರಲ್ಲ, ಅಲ್ಲಿ ತಂಡದವರ ಹೆಸರು ಹಾಕಿ, ಅತಿಥಿಗಳ ಬಿರುದು ಎರಡು ಕಮ್ಮಿ ಮಾಡಿದರೆ ಜಾಗ ಸಿಗುತ್ತೆ. ತಮಟೆಯವರನ್ನ ಮೆರವಣಿಗೆ ಮುಗಿದ ಕೂಡ್ಲೆ ಊಟಕ್ಕೆ ಕಳಿಸಿಬಿಡಬೇಡಿ, ಸ್ಟೇಜ್ ಹತ್ತಿಸಿ ಹತ್ತು ನಿಮಿಷ ಕೊಡಿ. ಫೋಟೊಗ್ರಾಫರಿಗೆ ದುಡ್ಡು ಕೊಡೋ ಮುಂಚೆ ಹಾಡಿದವರ ಫೋಟೊ ಎಲ್ಲಿ ಅಂತ ಕೇಳಿ.

ಆಮೇಲೆ ಪ್ರಿಂಟು. ಮೊಬೈಲಿಗೆ ಕಳಿಸಿದ್ದು ಮೊಬೈಲ್ ಕೆಟ್ಟ ದಿನ ಹೋಯ್ತು. ನಮ್ಮೂರ ಸ್ಟುಡಿಯೋದಲ್ಲಿ ಒಂದು ಸಣ್ಣ ಪ್ರಿಂಟಿಗೆ ಹದಿನೈದು ರೂಪಾಯಿ, ಎಂಟು ಜನರ ತಂಡಕ್ಕೆ ನೂರಿಪ್ಪತ್ತು. ಒಂದು ಹಾರದ ದುಡ್ಡಾಗಲಿಲ್ಲ. ಹಿಂದೆ ಹೆಸರು, ಊರು, ತಾರೀಖು ಪೆನ್ನಲ್ಲಿ ಬರೆದು ಕೈಗೆ ಕೊಡಿ. ಒಬ್ಬ ಅಜ್ಜ ನಾನು ಕೊಟ್ಟ ಪ್ರಿಂಟನ್ನ ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರ್ ಒಳಗೆ ಇಟ್ಕೊಂಡಿದಾರೆ. ಅವರು ಬಾರಿಸೋ ಹೊತ್ತಿನ ಫೋಟೊ ಅವರ ಹತ್ತಿರ ಇರೋದು ಅದೊಂದೇ.

ಕೋಲಾರ, ಚಿಕ್ಕಬಳ್ಳಾಪುರ ಕಡೆ ಕ್ಯಾಮೆರಾ ಇರೋ ನಮ್ಮ ಹುಡುಗರು, ಹುಡುಗಿಯರು ಯಾರಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಮೊಬೈಲ್ ಇದ್ದರೂ ಪರವಾಗಿಲ್ಲ, ಬ್ಯೂಟಿ ಮೋಡ್ ಆಫ್ ಮಾಡ್ಕೊಂಡು ಬನ್ನಿ. ಯಾವ ಊರಿನ ಕಾರ್ಯಕ್ರಮಕ್ಕೆ ಯಾರು ಅಂತ ಹಂಚಿಕೊಳ್ಳೋಣ. 13ನೇ ತಾರೀಖು ಸಂಜೆ ನಮ್ಮ ತಾಲ್ಲೂಕಿನ ಸ್ಟೇಜಲ್ಲಿ ಲೈಟು ಕಟ್ಟೋವಾಗ ನಾನು ಅಲ್ಲೇ ಇರ್ತೀನಿ, ಲೈಟಿಂಗ್ಸ್ ಹುಡುಗನ ಹತ್ತಿರ ಮಾತಾಡಿ ಆಗಿದೆ. ಎರಡು ಬಿಳಿ ಪಾರ್ ಲೈಟು ಎಕ್ಸ್‌ಟ್ರಾ ತರ್ತೀನಿ ಅಣ್ಣ, ಬಾಡಿಗೆ ಬೇಡ ಅಂದಿದಾನೆ.

ಜೈ ಭೀಮ್.